ನಾಲ್ಕನೆಯ ಬಕೆಟ್

ಗೋರಿಗೆ ಸುಣ್ಣ ಬಳಿಯುವುದರಲ್ಲಿ ಈ ನದಿಯ ಎರಡು ದಂಡೆಯಲ್ಲೂ ನನ್ನನ್ನು ಮೀರಿಸುವ ಹೆಂಗಸು ಹುಟ್ಟಿಲ್ಲ. ಒಂದು ವರ್ಷ ನಾನು ಬಳಿದ ಬಿಳುಪು ಕಣ್ಣಿಗೆ ಹೊಡೆದು, ಮಟಮಟ ಮಧ್ಯಾಹ್ನದಲ್ಲಿ ಕಾಳು ತುಂಬಿದ ಹಡಗೊಂದು ದಾರಿ ತಪ್ಪಿ ಏರಿಗೆ ಬಂದು ಗುದ್ದಿತು. ಇದರಲ್ಲಿ ಅರ್ಧ ಸುಳ್ಳು. ಹಡಗು ಗುದ್ದಿದ್ದು ನಿಜ, ಆದರೆ ಅದರ ಕಪ್ತಾನ ಬೆಳಗಿನಿಂದ ಕುಡಿದಿದ್ದ. ಬಿಳುಪೂ ನಿಜ, ಆದರೆ ಬಳಿದ ಕೈ ನನ್ನದಲ್ಲ, ಲಿಯೋಂಟಿನ್‌ಳದು. ನಾನು ಪಕ್ಕದಲ್ಲಿ ಬಕೆಟ್ ಹಿಡಿದುಕೊಂಡು ಮಾತಾಡುತ್ತಿದ್ದೆ.

ಹಾಗಾಗಿ ಕತೆಯೂ ಅವಳದೇ.

ನಮ್ಮೂರೆಂದರೆ ಮೂರು ಬೀದಿ. ಒಂದು ಕಡೆ ಮಿಸ್ಸಿಸ್ಸಿಪ್ಪಿ ನದಿಯ ಏರಿ, ಇನ್ನೊಂದು ಕಡೆ ಕಾರ್ಖಾನೆಯ ತಂತಿಬೇಲಿ. ನಮ್ಮ ಮುತ್ತಜ್ಜಂದಿರು ಕಬ್ಬಿನ ಗದ್ದೆಯಲ್ಲಿ ಚಾಟಿಯೇಟು ತಿಂದ ಜಾಗದಲ್ಲೇ ಕಾರ್ಖಾನೆ ನಿಂತಿದೆ. ಗದ್ದೆಯ ಒಡೆಯರ ಹೆಸರು ರೇನೋ. ಕಾರ್ಖಾನೆಯ ಒಡೆಯರ ಹೆಸರೂ ರೇನೋ. ಚಾಟಿ ಮಾತ್ರ ಹೋಗಿದೆ.

ಸ್ಮಶಾನ ಒಂದೇ, ನಡುವೆ ಕಬ್ಬಿಣದ ಬೇಲಿ. ಆ ಕಡೆ ಬಿಳಿಯರದು, ಅಮೃತಶಿಲೆಯ ಗೋರಿಗಳು. ಈ ಕಡೆ ನಮ್ಮವು. ನಾಲ್ಕೂ ಕಡೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆ, ಒಳಗೆ ಮಣ್ಣು, ಮಣ್ಣಿನ ಮೇಲೆ ಬಿಳಿ ಚಿಪ್ಪು. ನವೆಂಬರ್ ಒಂದನೇ ತಾರೀಕು ಸಂತರ ಹಬ್ಬ. ಅದರ ಹಿಂದಿನ ವಾರ ಊರಿನ ಹೆಂಗಸರೆಲ್ಲ ಸುಣ್ಣ ಕಲಸಿಕೊಂಡು ಸ್ಮಶಾನಕ್ಕೆ ಇಳಿಯುತ್ತೇವೆ. ಯಾರ ಮನೆಯ ಗೋರಿ ಹಬ್ಬದ ದಿನ ಕಪ್ಪಗಿರುತ್ತದೋ ಆ ಮನೆಯ ಹೆಸರು ಮುಂದಿನ ಹಬ್ಬದವರೆಗೆ ಚರ್ಚಿನ ಮೆಟ್ಟಿಲ ಮೇಲೆ ಒಣಗುತ್ತದೆ. ಒಣಗಿಸುವವರಲ್ಲಿ ನಾನೂ ಒಬ್ಬಳು. ಸುಳ್ಳು ಯಾಕೆ ಹೇಳಲಿ.

ಲಿಯೋಂಟಿನ್‌ಗೆ ಅರವತ್ತೊಂದು ವರ್ಷ. ಅವಳು ಬೇಲಿಯ ಎರಡೂ ಕಡೆ ದುಡಿಯುತ್ತಿದ್ದಳು. ರೇನೋ ಸಾಹೇಬರ ತಾಯಿಯ ಗೋರಿಯನ್ನು ಉಜ್ಜಿ ತೊಳೆಯುವ ಕೆಲಸ ಇಪ್ಪತ್ತು ವರ್ಷದಿಂದ ಅವಳದೇ. ನಡುವಿನ ಗೇಟಿಗೆ ಬೀಗವಿಲ್ಲ. ಕೈಯಲ್ಲಿ ಬಕೆಟ್ ಇದ್ದರೆ ನಮ್ಮವರು ಯಾರು ಬೇಕಾದರೂ ದಾಟಬಹುದು.

ಈ ಕಡೆ ಅವಳ ಗಂಡ ಆಲ್ಸೀಡ್ ಮಲಗಿದ್ದ. ಅವನು ಹಳೆಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಆಸಿಡ್ಡಿನ ಪಾತ್ರೆ ಕಲಕಿದವನು. ಕೊನೆಯ ವರ್ಷ ಅವನು ಕೆಮ್ಮಿದರೆ ನಮ್ಮ ಮನೆಯ ಗೋಡೆಯ ಮೇಲಿನ ಏಸುವಿನ ಪಟ ಓರೆಯಾಗುತ್ತಿತ್ತು. ಅವನು ಕೊನೆಯ ದಿನ ಕಾಫಿ ಕುಡಿದ ನೀಲಿ ಲೋಟವನ್ನು ನಮ್ಮ ಪದ್ಧತಿಯಂತೆ ಗೋರಿಯ ತಲೆಯ ಬಳಿ ಮಣ್ಣಲ್ಲಿ ಊರಿದ್ದರು. ಲಿಯೋಂಟಿನ್ ಪ್ರತಿ ಭಾನುವಾರ ಹೋಗಿ ಲೋಟದ ಧೂಳು ಒರೆಸಿ ಬರುತ್ತಿದ್ದಳು. ಅವಳಿಗೆ ಈ ಭೂಮಿಯ ಮೇಲೆ ತನ್ನದು ಅಂತ ಇದ್ದದ್ದು ಆರಡಿ ಉದ್ದ ಮೂರಡಿ ಅಗಲದ ಆ ಮಣ್ಣು, ಮತ್ತೆ ಒಂದು ಒಳ್ಳೆಯ ಹೆಸರು.

ಆಲ್ಸೀಡ್ ಸತ್ತ ಮೇಲೆ ಹಳೆಯ ಕಾರ್ಖಾನೆ ಮುಚ್ಚಿತು. ಹಿರಿಯ ರೇನೋ ತೀರಿಕೊಂಡು ಮಗ ಬಂದ. ತುಂಬ ಓದಿ ಬಂದಿದ್ದ. ಇನ್ನು ಮುಂದೆ ಹಸಿರು ಕಾರ್ಖಾನೆ, ನದಿಗೆ ಒಂದು ತೊಟ್ಟು ವಿಷ ಬಿಡುವುದಿಲ್ಲ ಅಂದ. ನಾವು ನಗಾಡಿದೆವು. ಆದರೆ ಅದು ನಿಜವಾಯಿತು. ಕೊಳೆತ ಮೊಟ್ಟೆಯ ವಾಸನೆ ಹೋಯಿತು. ನದಿಯಲ್ಲಿ ಮೀಸೆ ಮೀನು ಮತ್ತೆ ಸಿಗತೊಡಗಿತು. ಈಗ ಅಲ್ಲಿ ಸೋಪಿಗೆ ಹಾಕುವ ನಿಂಬೆಯ ಪರಿಮಳ ಮಾಡುತ್ತಾರೆ. ಸೋಪಿನವರಿಗೆ ಪರಿಮಳ, ನದಿಗೆ ಆಯಸ್ಸು. ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ.

ಗುಟ್ಟೆಲ್ಲ ಮಣಿಯಲ್ಲಿತ್ತು. ಕಾಗದದ ಮೇಲೆ ಅದಕ್ಕೆ ಕ್ಯಾಟಲಿಸ್ಟ್ ಅಂತ ಹೆಸರು, ನಮಗೆ ಮಣಿ. ಜೋಳದ ಕಾಳಿನಷ್ಟು ದಪ್ಪ. ಒಳಗೆಲ್ಲ ಸುಟ್ಟ ಜೇಡಿಮಣ್ಣು, ಮೇಲೆ ತೆಳ್ಳಗೆ ಅಂಟಿಸಿದ ಲೋಹ. ಆ ಲೋಹ ಸಂಬಂಧ ಕುದುರಿಸುವ ಹೆಂಗಸಿದ್ದ ಹಾಗೆ. ಇಬ್ಬರನ್ನು ಕೂಡಿಸುತ್ತದೆ, ತಾನು ಯಾರನ್ನೂ ಕಟ್ಟಿಕೊಳ್ಳುವುದಿಲ್ಲ, ಮುಂದಿನ ಮದುವೆಗೆ ಹೊರಡುತ್ತದೆ. ಹಳೆಯ ಕಾರ್ಖಾನೆಯಲ್ಲಿ ಆ ಹೆಂಗಸನ್ನು ಪಾತ್ರೆಯಲ್ಲಿ ಕರಗಿಸಿಬಿಡುತ್ತಿದ್ದರು. ಮದುವೆ ಮುಗಿದ ಮೇಲೆ ಅವಳನ್ನು ಹುಡುಕಿ ತೆಗೆಯಲು ಆಗದೆ, ಆಸಿಡ್ ಸಮೇತ ನದಿಗೆ ಚೆಲ್ಲುತ್ತಿದ್ದರು. ಈಗ ಅವಳನ್ನು ಮಣಿಯ ಮೇಲೆ ಕೂರಿಸಿದ್ದಾರೆ. ಸೋಸಿದರೆ ಬಂದಳು, ತೊಳೆದರೆ ಮತ್ತೆ ತಯಾರು.

ಸೋಸುವುದು ಯಂತ್ರ. ಆದರೆ ಪ್ರತಿ ಸುತ್ತಿಗೂ ಒಂದಷ್ಟು ಮಣಿ ಒಡೆದು ಹಿಟ್ಟಾಗುತ್ತಿತ್ತು. ಹಿಟ್ಟು ಉಳಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಯಂತ್ರದ ಜರಡಿ ಹಾಕಿ ನೋಡಿದರು. ಅದರ ಕುಲುಕಿಗೆ ಒಳ್ಳೆಯ ಮಣಿಯೂ ಒಡೆಯಿತು. ಆಗ ಮೇಸ್ತ್ರಿ ಕರ್ಟಿಸ್ ನಮ್ಮ ಬೀದಿಗೆ ಬಂದು ಲಿಯೋಂಟಿನ್ ಸೇರಿ ಆರು ಜನ ಹೆಂಗಸರನ್ನು ಕರೆದುಕೊಂಡು ಹೋದ.

"ನಿಮ್ಮ ಕೈಗೆ ಜರಡಿ ಹುಟ್ಟುತ್ತಾನೇ ಬಂದಿದೆ," ಅಂದ.

ತಗಡಿನ ಶೆಡ್ಡು, ಒಂದು ಬಾಗಿಲು. ಆರು ಹೆಂಗಸರು, ಆರು ಜರಡಿ. ಒಂದೊಂದಕ್ಕೆ ಹದಿನೈದು ಕೆಜಿ ಮಣಿ. ಸೊಂಟಕ್ಕೆ ಒತ್ತಿ ಹಿಡಿದು, ಮಣಿಕಟ್ಟಿನಿಂದ ತಿರುಗಿಸಿ, ಎತ್ತಿ, ಇಳಿಸಿ, ಮತ್ತೆ ತಿರುಗಿಸಬೇಕು. ದಿನಕ್ಕೆ ಅರವತ್ತು ಜರಡಿ. ಬೆಳಗ್ಗೆ ಒಂಬತ್ತಕ್ಕೆ ಹೆಗಲು ಉರಿ ಹತ್ತುತ್ತದೆ. ಹನ್ನೊಂದಕ್ಕೆ ಹೆಗಲು ಇರುವುದೇ ತಿಳಿಯುವುದಿಲ್ಲ. ಹಿಟ್ಟು ಬೂದು ಬಣ್ಣದ್ದು. ಬಿಸಿಲಿನ ಕೋಲಿನಲ್ಲಿ ಹೊಳೆಯುತ್ತ ಮೇಲೇಳುತ್ತಿತ್ತು. ರೆಪ್ಪೆಯ ಮೇಲೆ, ಹಲ್ಲಿನ ಮೇಲೆ, ಕುತ್ತಿಗೆಯ ಬೆವರಿನ ಮೇಲೆ ಕೂರುತ್ತಿತ್ತು. ದಿನಕ್ಕೊಂದು ಕಾಗದದ ಮುಸುಕು ಕೊಡುತ್ತಿದ್ದರು. ಮಧ್ಯಾಹ್ನಕ್ಕೆ ಅದು ಬೆವರಿಗೆ ಕರಗಿ ಗಲ್ಲಕ್ಕೆ ಅಂಟುತ್ತಿತ್ತು. ಮೊದಲ ವರ್ಷ ಕೈಗವಸು ಕೊಟ್ಟರು. ಆಮೇಲೆ ಊರೂರಿನ ಅತಿಥಿಗಳು ಕಾರ್ಖಾನೆ ನೋಡಲು ಬರತೊಡಗಿದರು. ಕೈಗವಸು ಹಾಕಿಕೊಂಡ ಹೆಂಗಸರನ್ನು ಕಂಡರೆ ಅತಿಥಿಗಳು ಏನೋ ಅಪಾಯವಿದೆ ಅಂದುಕೊಳ್ಳುತ್ತಾರಂತೆ. ಬಿಚ್ಚಿಸಿದರು.

"ಬರಿಗೈಲಿ ಹಿಡಿಯೋವಷ್ಟು ಸೇಫ್ ನಮ್ಮ ಮಣಿ," ಅಂತ ರೇನೋ ಅತಿಥಿಗಳ ಮುಂದೆ ಲಿಯೋಂಟಿನ್‌ಳ ಅಂಗೈಯನ್ನು ತೋರಿಸುತ್ತಿದ್ದ. ಅವನು ಮಾತ್ರ ಒಂದು ಮಣಿಯನ್ನೂ ಮುಟ್ಟಿದ್ದನ್ನು ಯಾರೂ ನೋಡಿಲ್ಲ.

ಎರಡನೇ ವರ್ಷ ಅವಳ ಬೆರಳ ಸಂದಿ ಒಡೆಯಿತು. ಕೆಂಪಗೆ ಉಬ್ಬಿ, ನೀರು ಸೋರಿ, ಸಿಪ್ಪೆ ಎದ್ದಿತು. ಆಲ್ಸೀಡ್ ಹಾಕಿದ ಮದುವೆಯ ಉಂಗುರ ಬೆರಳಲ್ಲಿ ನಿಲ್ಲಲಿಲ್ಲ. ಲೋಹ ತಗುಲಿದರೆ ಸಾಕು ಉರಿ. ಉಂಗುರವನ್ನು ಬಿಚ್ಚಿ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟಳು.

ಪಕ್ಕದ ಜರಡಿಯವಳು ಯೂಲಾ. ಮೂವತ್ತು ದಾಟಿರಲಿಲ್ಲ, ಮೂರು ಮಕ್ಕಳು, ನಾಲಿಗೆ ನನಗಿಂತ ಉದ್ದ.

"ಅಕ್ಕಾ, ಕೈ ನೋಡ್ಕೊಂಡ್ಯಾ? ಮೊಸಳೆ ಬೆನ್ನು."

"ಮೊಸಳೇನೇ ಮೇಲು ಕಣೆ. ಅದಕ್ಕೆ ಯಾರೂ ಜರಡಿ ಕೊಡಲ್ಲ."

"ನೀನು ಹೀಗೇ ಕೆಮ್ತಾ ಇದ್ರೆ ಆಲ್ಸೀಡ್ ಭಾವ ಎದ್ದು ಕೂತು, ಯಾರದು ನನ್ನ ಕೆಮ್ಮು ಕದ್ದಿದ್ದು ಅಂತಾರೆ."

"ಕದಿಲಿಲ್ಲ. ಆಸ್ತಿ ಅಂತ ಅದೊಂದೇ ಬಿಟ್ಟುಹೋಗಿದ್ದು."

ಆರೂ ಹೆಂಗಸರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ಮುಗಿಯುವ ತನಕ ಜರಡಿಗಳು ನಿಂತವು. ಕರ್ಟಿಸ್ ಬಾಗಿಲಲ್ಲಿ ಬಂದು ಗಡಿಯಾರ ನೋಡಿದ.

ಕಾರ್ಖಾನೆಯ ಡಾಕ್ಟರಿಗೆ ಕೈ ತೋರಿಸಿದರೆ, "ಪಾತ್ರೆ ತೊಳೆಯೋ ಸೋಪು ಬದಲಾಯಿಸಿ ನೋಡಿ," ಅಂದ. ಬದಲಾಯಿಸಿದಳು. ಮತ್ತೆ ಹೋದರೆ, "ಗೋರಿಗೆ ಸುಣ್ಣ ಬಳೀತೀರಂತಲ್ಲ, ಅದಕ್ಕೇ," ಅಂದ. ಸುಣ್ಣ ಬಳಿಯುವುದು ವರ್ಷಕ್ಕೆ ಒಂದು ವಾರ. ಜರಡಿ ಮುನ್ನೂರು ದಿನ. ಡಾಕ್ಟರು ಓದಿದವನು, ಇಷ್ಟು ಲೆಕ್ಕ ಅವನಿಗೆ ಬರುತ್ತಿರಲಿಲ್ಲವೇ. ಲಿಯೋಂಟಿನ್ ಕೈಗೆ ಹಂದಿಯ ಕೊಬ್ಬು ಸವರಿಕೊಂಡು, ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಬೆಳಗ್ಗೆ ಬಟ್ಟೆ ಬಿಚ್ಚಿದರೆ ಚರ್ಮವೂ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು, "ಏನು ಚೆನ್ನಾಗಿ ನಿಂಬೆ ವಾಸನೆ ಬರ್ತಿದೆ ನಿಮ್ಮಿಂದ," ಅನ್ನುತ್ತಿದ್ದರು.

ಈಗ ಬಕೆಟ್ಟಿನ ವಿಷಯ. ಮಣಿಯೂ ದಣಿಯುತ್ತದೆ. ಐವತ್ತು ಸುತ್ತು ಆದ ಮೇಲೆ ಕೆಲಸ ಮಾಡುವುದಿಲ್ಲ. ದಣಿದ ಮಣಿಯನ್ನು ಡ್ರಮ್ಮಿಗೆ ತುಂಬಿ, ಮೊಹರು ಹಾಕಿ, ದೂರದ ಊರಿಗೆ ಕಳಿಸಿ, ಸುಟ್ಟು ಲೋಹ ತೆಗೆಯಬೇಕು. ಕಾನೂನು ಹಾಗಂತೆ. ಒಂದು ಡ್ರಮ್ಮಿಗೆ ಹನ್ನೊಂದು ಕಾಗದ ತುಂಬಿಸಬೇಕು. ತುಂಬಿಸಬೇಕಾದವನು ಕರ್ಟಿಸ್. ಅವನಿಗೆ ಜ್ವರ ಬಂದರೂ ಪರವಾಗಿಲ್ಲ, ಕಾಗದ ಬರಬಾರದು.

ಒಂದು ಅಕ್ಟೋಬರಿನಲ್ಲಿ ಡ್ರಮ್ಮು ತುಂಬಿ, ಮಣಿ ಶೆಡ್ಡಿನ ಮೂಲೆಯಲ್ಲಿ ರಾಶಿ ಬಿತ್ತು. ತೊಳೆದು ಬಿಸಿಲಿಗೆ ಹರಡಿದ್ದ ಮಣಿ ಚಿಪ್ಪಿನ ಒಳಮೈ ಹಾಗೆ ಬೆಳ್ಳಗೆ ಮಿನುಗುತ್ತಿತ್ತು. ಲಿಯೋಂಟಿನ್ ನಿಂತು ನೋಡಿದಳು.

"ಏನ್ ನೋಡ್ತಿದೀರಾ, ಮಿಸ್ ಲಿಯೋಂಟಿನ್?" ಅಂದ ಕರ್ಟಿಸ್.

"ಗೋರಿಗೆ ಹಾಕೋಕೆ ಚಿಪ್ಪು ಸಿಗ್ತಿಲ್ಲ ಈ ವರ್ಷ. ಇದು ನೋಡಿದ್ರೆ ಚಿಪ್ಪಿನ ಅಪ್ಪನ ಹಾಗಿದೆ."

"ತಗೊಂಡ್ ಹೋಗಿ. ಬರೀ ಜೇಡಿಮಣ್ಣು. ಎಷ್ಟು ಬೇಕೋ ಅಷ್ಟು ತಗೊಂಡ್ ಹೋಗಿ, ನನಗೂ ಜಾಗ ಆಗತ್ತೆ."

"ಅಪಾಯ ಏನೂ ಇಲ್ವಲ್ಲ?"

"ದಿನಾ ಬರಿಗೈಲಿ ಮುಟ್ತೀರಲ್ಲ. ಸತ್ತೋರಿಗೆ ಏನಾಗತ್ತೆ?"

ಅವನೇ ಸಲಿಕೆ ಹಿಡಿದು ನಾಲ್ಕು ಬಕೆಟ್ ತುಂಬಿದ. ಅವನೇ ಗಾಡಿಗೆ ಎತ್ತಿಟ್ಟ. ಅವನೇ ಗೇಟಿನ ಕಾವಲುಗಾರನಿಗೆ ಕೈಸನ್ನೆ ಮಾಡಿ ಬಿಡಿಸಿದ. ಇದನ್ನು ಆರು ಜನ ಹೆಂಗಸರು ನೋಡಿದರು.

ಮೂರು ಬಕೆಟ್ ಆಲ್ಸೀಡನ ಮೇಲೆ ಹರಡಿದಳು. ಕಟ್ಟೆಗೆ ಎರಡು ಕೋಟು ಸುಣ್ಣ. ನಡುವೆ ನೀಲಿ ಲೋಟ. ನಾನು ಅರವತ್ತು ಹಬ್ಬ ನೋಡಿದವಳು, ಅಂಥ ಗೋರಿ ನೋಡಿರಲಿಲ್ಲ. ಹೊಟ್ಟೆಕಿಚ್ಚಿಗೆ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಹಬ್ಬದ ಬೆಳಗ್ಗೆ ರೇನೋ ತಾಯಿಗೆ ಹೂವು ಇಡಲು ಬಂದ. ಹಿಂದೆ ಕರ್ಟಿಸ್ ಹೂಕುಂಡ ಹೊತ್ತಿದ್ದ. ರೇನೋ ಬೇಲಿಯಾಚೆಯಿಂದ ಆಲ್ಸೀಡನ ಗೋರಿ ನೋಡಿ ನಿಂತ.

"ಎಷ್ಟು ಚೆನ್ನಾಗಿದೆ. ಏನಿದು?"

"ನಿಮ್ಮದೇ ಮಣಿ, ಸರ್. ದಣಿದದ್ದು. ಕರ್ಟಿಸ್ ಕೊಟ್ಟ," ಅಂದಳು ಲಿಯೋಂಟಿನ್.

ರೇನೋ ನಕ್ಕ. "ನೋಡಿ, ನಮ್ಮಲ್ಲಿ ಏನೂ ವ್ಯರ್ಥವಾಗಲ್ಲ. ಅಮ್ಮನಿಗೂ ಸ್ವಲ್ಪ ಹಾಕಿಬಿಡಿ."

ಅವಳು ನಾಲ್ಕನೆಯ ಬಕೆಟ್ ಎತ್ತಿಕೊಂಡು ಗೇಟು ದಾಟಿದಳು. ಅವನ ತಾಯಿಯ ಅಮೃತಶಿಲೆಯ ಸುತ್ತಲಿನ ಹೂಪಾತಿಗೆ ಸುರಿದು, ಒಡೆದ ಬೆರಳಲ್ಲಿ ಸಮ ಮಾಡಿದಳು. ರೇನೋ ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಕರ್ಟಿಸ್ ಎಲ್ಲ ನೋಡುತ್ತ ಪಕ್ಕದಲ್ಲೇ ನಿಂತಿದ್ದ.

ಮುಂದಿನ ವಸಂತದಲ್ಲಿ ಕಾರ್ಖಾನೆಗೆ ದೊಡ್ಡ ಹಸಿರು ಪ್ರಶಸ್ತಿ ಬರುವುದೆಂದಾಯಿತು. ಅರ್ಜಿಯಲ್ಲಿ ರೇನೋ ಬರೆದಿದ್ದನಂತೆ, ನಮ್ಮ ಗೇಟಿನಿಂದ ಒಂದು ಮಣಿಯೂ ಹೊರಗೆ ಹೋಗುವುದಿಲ್ಲ ಅಂತ. ನೋಡಿಕೊಂಡು ಹೋಗಲು ಪ್ರಶಸ್ತಿಯವರ ಕಡೆಯಿಂದ ಕನ್ನಡಕದ ಹುಡುಗಿಯೊಬ್ಬಳು ಬಂದಳು. ಎಲ್ಲ ನೋಡಿದಳು, ಊಟ ಮಾಡಿದಳು, ಸಂತೋಷಪಟ್ಟಳು. ವಾಪಸು ಹೋಗುವಾಗ ಏರಿಯ ದಾರಿಯಲ್ಲಿ ಕಾರು ನಿಲ್ಲಿಸಿದಳು. ನಮ್ಮ ಸ್ಮಶಾನ ಹಳೆಯದು, ಫೋಟೋ ತೆಗೆಯುವವರು ನಿಲ್ಲುತ್ತಾರೆ. ಗೋರಿಗಳ ನಡುವೆ ಆಲ್ಸೀಡ್ ಹೊಳೆಯುತ್ತಿದ್ದ. ಹುಡುಗಿ ಬಗ್ಗಿ ಒಂದು ಮಣಿ ಎತ್ತಿಕೊಂಡಳು. ಅವಳು ಬೆಳಗ್ಗೆಯಷ್ಟೇ ಅದರ ಅಣ್ಣತಮ್ಮಂದಿರನ್ನು ನೋಡಿದ್ದಳು.

ಎರಡು ದಿನ ಬಿಟ್ಟು ಕರ್ಟಿಸ್ ಲಿಯೋಂಟಿನ್‌ಳನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ನು. ಅವಳಿಗೆ ಕೂರಲು ಹೇಳಲಿಲ್ಲ.

"ಇದಕ್ಕೊಂದು ಸೈನ್ ಹಾಕ್ಬಿಡಿ, ಮಿಸ್ ಲಿಯೋಂಟಿನ್. ಏನಿಲ್ಲ, ಸುಮ್ನೆ."

"ಏನು ಬರೆದಿದೆ? ಓದು."

"ನಾಲ್ಕು ಬಕೆಟ್ ಮಣೀನ ಯಾರಿಗೂ ಹೇಳದೆ ಕೇಳದೆ ತಗೊಂಡ್ ಹೋಗಿ ಗಂಡನ ಗೋರಿಗೆ ಹಾಕ್ದೆ ಅಂತ. ಕಂಪನಿ ಕೇಸ್ ಹಾಕಲ್ಲ. ಮಣಿ ವಾಪಸ್ ತಗೊಳ್ತಾರೆ, ಅಷ್ಟೆ."

ಲಿಯೋಂಟಿನ್ ಕಾಗದ ನೋಡಲಿಲ್ಲ. ಅವನ ಮುಖ ನೋಡಿದಳು.

"ಬಕೆಟ್ ತುಂಬಿದ್ದು ಯಾರು, ಕರ್ಟಿಸ್?"

ಅವನು ಪೆನ್ನು ತಿರುಗಿಸಿದ.

"ಗಾಡಿಗೆ ಎತ್ತಿಟ್ಟಿದ್ದು ಯಾರು?"

"ಅದೆಲ್ಲ ಈಗ್ಯಾಕೆ."

"ಗೋರಿ ಮೇಲಿರೋದು ಮೂರು ಬಕೆಟ್. ನಾಲ್ಕನೇದು ಎಲ್ಲಿದೆ ಅಂತ ನಿಂಗೆ ಗೊತ್ತು. ಅವರಮ್ಮನ ಹತ್ರ ಇದೆ. ಅವರೇ ಹೇಳಿ ಹಾಕ್ಸಿದ್ದು. ನೀನು ಅಲ್ಲೇ ಹೂಕುಂಡ ಹೊತ್ಕೊಂಡು ನಿಂತಿದ್ದೆ."

ಕರ್ಟಿಸ್ ಎದ್ದು ಬಾಗಿಲು ಹಾಕಿದ. ಈಗ ಅವನ ಬಾಯಲ್ಲಿ ಮಿಸ್ಸೂ ಇಲ್ಲ, ಬಹುವಚನವೂ ಇಲ್ಲ.

"ಆ ಮಾತು ಇನ್ನೊಂದ್ಸಲ ಆಡ್ಬೇಡ. ಕಾಗದದಲ್ಲಿ ನಾಲ್ಕು ಅಂತ ಇದೆ, ಗೋರಿ ಒಂದೇ ಅಂತ ಇದೆ. ನೀನು ಸೈನ್ ಹಾಕ್ಲಿಲ್ಲ ಅಂದ್ರೆ ಶೆಡ್ ಮುಚ್ತಾರೆ. ಆರು ಜನಾನೂ ಮನೆಗೆ. ಯೋಚನೆ ಮಾಡು."

"ನಿಮ್ಮಪ್ಪನೂ ಆಲ್ಸೀಡ್ ಜೊತೆ ಅದೇ ಪಾತ್ರೆ ಕಲಕಿದ್ದು. ಅವನೂ ಕೆಮ್ಮಿ ಕೆಮ್ಮಿ ಸತ್ತ. ನೆನಪಿದೆಯೋ, ಅದೂ ಕಾಗದದಲ್ಲಿಲ್ಲ ಅಂತೀಯೋ?"

ಅವನು ಕಿಟಕಿಯ ಕಡೆ ತಿರುಗಿದ.

"ನಾನು ಶಾಲೆಗೆ ಹೋಗಿದ್ದು ಎರಡು ವರ್ಷ," ಅಂದಳು ಲಿಯೋಂಟಿನ್. "ಬರೆಯೋಕೆ ಕಲಿತದ್ದು ನನ್ನ ಹೆಸರೊಂದೇ. ಅದನ್ನ ಕಳ್ಳಿ ಅನ್ನೋ ಮಾತಿನ ಕೆಳಗೆ ಬರೆಯಲ್ಲ. ಬೇಕಾದ್ರೆ ನೀನೇ ನನ್ನ ಕೈ ಹಿಡಿದು ಬರೆಸ್ಕೋ. ಹಿಡಿ."

ಎರಡು ಕೈಯನ್ನೂ ಅವನ ಮುಂದೆ ಚಾಚಿದಳು. ಬೆರಳ ಸಂದಿಯಲ್ಲಿ ಕೀವು ಒಣಗಿತ್ತು. ಕರ್ಟಿಸ್ ಹಿಡಿಯಲಿಲ್ಲ. ನೋಡಲೂ ಇಲ್ಲ.

ಅವಳು ಹೊರಗೆ ಬಂದಳು. ಗೆದ್ದೆ ಅಂದುಕೊಂಡಳೋ ಏನೋ. ನಾನಂತೂ ಅಂದುಕೊಂಡೆ.

ಅದು ಶನಿವಾರ. ಸೋಮವಾರ ಲಿಯೋಂಟಿನ್‌ಗೆ ಗೇಟಿನಲ್ಲೇ ಕೆಲಸ ಇಲ್ಲ ಅಂದರು. ಮನೆಗೆ ಬಂದು ಎಂದಿನಂತೆ ಕೆಂಪು ಕಾಳು ಬೇಯಲು ಇಟ್ಟಳು. ಸಂಜೆಯ ಹೊತ್ತಿಗೆ ಯೂಲಾ ಬಂದಳು. ಹೊಸಿಲಾಚೆ ನಿಂತಳು, ಒಳಗೆ ಬರಲಿಲ್ಲ.

"ಬಾ, ತಿನ್ನು."

"ಬೇಡ ಅಕ್ಕ."

"ಏನಾಯ್ತೇ? ನಿನ್ನ ನಾಲಿಗೆ ಬೆಕ್ಕು ಕಚ್ಕೊಂಡು ಹೋಯ್ತಾ?"

"ನಾನು ಸೈನ್ ಹಾಕ್ದೆ." ಯೂಲಾಳ ಕಣ್ಣು ನೆಲದಲ್ಲಿತ್ತು. "ನೀನು ಕದ್ದು ತಗೊಂಡ್ ಹೋಗಿದ್ದು ನೋಡ್ದೆ ಅಂತ. ಐದು ಜನಾನೂ ಹಾಕಿದ್ವಿ. ನನ್ನ ಚಿಕ್ಕವನಿಗೆ ಉಸಿರಾಟದ ಔಷಧಿ ಆ ಗೇಟಿನೊಳಗಿಂದ ಬರತ್ತೆ ಅಕ್ಕ. ಕೆಲಸ ಹೋದ್ರೆ ಅದೂ ಹೋಗತ್ತೆ."

ಲಿಯೋಂಟಿನ್ ಸ್ವಲ್ಪ ಹೊತ್ತು ಸೌಟು ಆಡಿಸಿದಳು. ಅವಳಿಗೆ ಬೈಯಲು ಬರುತ್ತಿತ್ತು. ನಾವಿಬ್ಬರೂ ಜಗಳವಾಡಿದರೆ ಏರಿಯ ಮೇಲಿನ ದನ ಹಾಲು ಬತ್ತಿಸಿಕೊಳ್ಳುತ್ತಿದ್ದವು. ಆದರೆ ಅವತ್ತು ಒಂದು ಡಬ್ಬಿಗೆ ಕಾಳು, ಅನ್ನ ಹಾಕಿ ಹೊಸಿಲ ಮೇಲಿಟ್ಟಳು.

"ಮಕ್ಕಳಿಗೆ. ಕಾರ ಕಮ್ಮಿ ಇದೆ."

ಯೂಲಾ ಡಬ್ಬಿ ತೆಗೆದುಕೊಂಡು ಹೋದಳು. ಅಲ್ಲಿಗೆ ಆಯಿತು. ಲಿಯೋಂಟಿನ್ ಬರೆಯದ ಹೆಸರನ್ನು ಐದು ಜನ ಸೇರಿ ಬರೆದುಕೊಟ್ಟಿದ್ದರು. ಅವಳಿಗೆ ಪಾದ್ರಿಯ ಹತ್ತಿರ ಹೋಗೋಣ ಅಂದೆ. ಪಾದ್ರಿ, "ಚರ್ಚಿನ ಹೊಸ ಚಾವಣಿ ರೇನೋ ಅವರು ಹಾಕ್ಸಿಕೊಡ್ತಿದಾರಮ್ಮ, ಸ್ವಲ್ಪ ತಾಳ್ಮೆ ಇರ್ಲಿ," ಅಂದ. ಪೊಲೀಸಿನವನು, "ಸೈನ್ ಇದೆಯಲ್ಲ," ಅಂದ. ಇನ್ನು ಹೋಗಲು ಬಾಗಿಲು ಉಳಿದಿರಲಿಲ್ಲ.

ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಲಾರಿ ಬಂತು. ಲಾರಿಯ ಮೇಲೆ ಹೀರುವ ಯಂತ್ರ, ಆನೆ ಸೊಂಡಿಲಿನಷ್ಟು ದಪ್ಪದ ಕೊಳವೆ. ಬೇರೆ ಊರಿನ ಕೂಲಿಯವರು ನಾಲ್ಕು ಜನ ಇಳಿದರು. ಇಳಿದವರನ್ನು ನೋಡಿ ನಾವು ನಿಂತಲ್ಲೇ ನಿಂತೆವು. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ. ಮೊಣಕೈಯವರೆಗೆ ಎರಡು ಜೊತೆ ಕೈಗವಸು. ಮುಖಕ್ಕೆ ಗಾಜು. ಬೆನ್ನಿಗೆ ಗಾಳಿಯ ಸಿಲಿಂಡರು. ಬೂಟಿಗೂ ಪ್ಲಾಸ್ಟಿಕ್ ಕಟ್ಟಿದ್ದರು.

ನಾಲ್ಕು ವರ್ಷ ಲಿಯೋಂಟಿನ್ ಹಲ್ಲಿನ ಮೇಲೆ ಕೂರಿಸಿಕೊಂಡ ಹಿಟ್ಟು ಅದು. ಅದನ್ನು ಮುಟ್ಟಲು ಅವರು ಹೀಗೆ ಬಂದಿದ್ದರು.

ಆಲ್ಸೀಡನ ಗೋರಿಯ ಸುತ್ತ ಹಳದಿ ಪಟ್ಟಿ ಎಳೆದರು. ಲಿಯೋಂಟಿನ್ ಪಟ್ಟಿಯ ಹತ್ತಿರ ಹೋದಳು.

"ಅಮ್ಮ, ಹಿಂದೆ ಹೋಗಿ," ಅಂದ ಅವರಲ್ಲೊಬ್ಬ, ಗಾಜಿನ ಹಿಂದಿನಿಂದ. "ಈ ಧೂಳು ಎದೆಗೆ ಒಳ್ಳೇದಲ್ಲ."

"ಯಾರ ಎದೆಗೆ?"

"ಯಾರ ಎದೆಗೂ."

ಪಾಪ, ಅವನು ಒಳ್ಳೆಯವನು. ತನ್ನ ಚೀಲದಿಂದ ಒಂದು ಮುಖವಾಡ ತೆಗೆದು ಅವಳಿಗೆ ಕೊಟ್ಟ. ರಬ್ಬರಿನದು, ಎರಡು ಕಡೆ ಗುಂಡಗೆ ಡಬ್ಬಿ ಇರುವುದು. ಅಂಥದ್ದನ್ನು ಶೆಡ್ಡಿನಲ್ಲಿ ಅವಳು ಕಂಡಿರಲಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬಗ್ಗಿ, ಪಟ್ಟಿಯ ಕೆಳಗಿನಿಂದ ಕೈ ಚಾಚಿ, ಅದನ್ನು ಆಲ್ಸೀಡನ ಶಿಲುಬೆಗೆ ಸಿಕ್ಕಿಸಿದಳು.

"ಇವರಿಗೆ ಹಾಕಿ," ಅಂದಳು. "ಇವರು ಇಂಥದ್ದೊಂದು ಕೇಳಿ ಕೇಳಿ ಸತ್ತರು."

ಯಂತ್ರ ಶುರುವಾಯಿತು. ಮಣಿ ಕೊಳವೆಯೊಳಗೆ ಆಲಿಕಲ್ಲು ಬಿದ್ದ ಹಾಗೆ ಸದ್ದು ಮಾಡುತ್ತ ಹೋಯಿತು. ಹಬ್ಬದ ಮೇಣದ ತುಂಡು ಹೋಯಿತು. ಮಣಿಯ ಜೊತೆ ಮೇಲಿನ ಮಣ್ಣು ಹೋಯಿತು. ಕೊಳವೆಯ ಬಾಯಿ ಕಟ್ಟೆಗೆ ತಾಗಿ ಸುಣ್ಣ ಚಕ್ಕೆ ಚಕ್ಕೆ ಎದ್ದಿತು. ನೀಲಿ ಲೋಟ ಮಣ್ಣಿನಿಂದ ಸಡಿಲವಾಗಿ ಒಮ್ಮೆ ಸುತ್ತಿ ಬಾಯಿಗೆ ಸಿಕ್ಕಿಕೊಂಡಿತು. ಯಂತ್ರ ಕಿರುಚಿತು. ಕೂಲಿಯವನು ಬೂಟಿನಿಂದ ಒದ್ದ. ಲೋಟ ಒಡೆದು ಒಳಗೆ ಹೋಯಿತು.

ಲಿಯೋಂಟಿನ್ ಪಟ್ಟಿ ದಾಟಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಕೂಗಲಿಲ್ಲ. ಕೂಗಲು ಅವಳ ಎದೆಯಲ್ಲಿ ಗಾಳಿ ಇರಲಿಲ್ಲ. ಕೆಮ್ಮು ಬಂತು, ಬಗ್ಗಿಸಿತು. ಬಿಳಿ ಬಟ್ಟೆಯವರು ಇಬ್ಬರು ಬಂದು, ಹೊಸ ಕೈಗವಸು ಹಾಕಿಕೊಂಡು, ಕಂಕುಳಿಗೆ ಕೈಹಾಕಿ ಎತ್ತಿ, ಪಟ್ಟಿಯ ಹೊರಗೆ ನಿಲ್ಲಿಸಿದರು. ಸೀಳಿದ ಸೌದೆಯನ್ನು ಎತ್ತಿಟ್ಟ ಹಾಗೆ. ನಾನು ಅವಳ ಸೊಂಟ ಹಿಡಿದುಕೊಂಡೆ. ಹಿಡಿದುಕೊಳ್ಳುವುದು ಬಿಟ್ಟು ಬೇರೇನು ಮಾಡಲಿ. ದೂರದಲ್ಲಿ ಐದು ಜನ ಹೆಂಗಸರು ಏರಿಯ ಮೇಲೆ ನಿಂತಿದ್ದರು. ಯೂಲಾ ಬಾಯಿಗೆ ಬಟ್ಟೆ ತುರುಕಿಕೊಂಡಿದ್ದಳು.

ರೇನೋ ಬಂದ. ಸೂಟು ಹಾಕಿದ್ದ, ಮಧ್ಯಾಹ್ನ ಪ್ರಶಸ್ತಿಯವರ ಜೊತೆ ಊಟವಿತ್ತು. ಕರ್ಟಿಸ್ ಹಿಂದೆಯೇ ಇದ್ದ.

ಯಂತ್ರ ನಿಂತಿತು. ಮುಖವಾಡ ಕೊಟ್ಟವನು ಡ್ರಮ್ಮಿನೊಳಗೆ ಬಗ್ಗಿ ನೋಡಿ, ಕೈಯಲ್ಲಿದ್ದ ಕಾಗದ ನೋಡಿದ.

"ಸರ್, ಇಲ್ಲಿ ನಾಲ್ಕು ಬಕೆಟ್ ಅಂತ ಬರೆದಿದೆ. ಸಿಕ್ಕಿದ್ದು ಮೂರು. ಮಣಿ ಖಾಲಿಯಾಯ್ತು, ಇನ್ನು ಕೆಳಗೆ ಬರೀ ಮಣ್ಣು. ನಾಲ್ಕು ತುಂಬದೆ ನಾನು ಸೀಲ್ ಹಾಕೋ ಹಾಗಿಲ್ಲ. ಇನ್ನೊಂದು ಬಕೆಟ್ ಎಲ್ಲಿಂದ ತರ್ಲಿ?"

ನದಿಯಲ್ಲಿ ಯಾವುದೋ ಹಡಗು ಕೂಗಿಕೊಂಡು ಹೋಯಿತು.

ಲಿಯೋಂಟಿನ್ ನನ್ನ ಕೈ ಬಿಡಿಸಿಕೊಂಡಳು. ಬಲಗೈ ಎತ್ತಿದಳು. ಒಡೆದ, ಊದಿದ, ಉಂಗುರವಿಲ್ಲದ ಬೆರಳನ್ನು ಬೇಲಿಯ ಆಚೆಗೆ, ಅಮೃತಶಿಲೆಯ ಸುತ್ತ ಬೆಳ್ಳಗೆ ಮಿನುಗುತ್ತಿದ್ದ ಹೂಪಾತಿಯ ಕಡೆಗೆ ಚಾಚಿದಳು. ಹಾಗೇ ಹಿಡಿದುಕೊಂಡು ನಿಂತಳು.

ಕೂಲಿಯವನು ಆ ಕಡೆ ನೋಡಿದ. ಗಾಜಿನ ಹಿಂದೆ ಅವನ ಕಣ್ಣು ಅಗಲವಾಯಿತು. ಅವನಿಗೂ ಅರ್ಥವಾಯಿತು. ಕರ್ಟಿಸ್ ಬೂಟಿನ ತುದಿ ನೋಡಿದ. ರೇನೋ ಬೇಲಿಯನ್ನು ನೋಡಿದ. ಆಮೇಲೆ ಆಲ್ಸೀಡನ ಗುಂಡಿ ನೋಡಿದ. ಆಮೇಲೆ ಗಡಿಯಾರ ನೋಡಿದ. ಕೂಲಿಯವನಿಗೆ ಏನೋ ಒಂದು ಮಾತು ಹೇಳಿದ. ಒಂದೇ ಮಾತು, ನಮಗೆ ಕೇಳಿಸಲಿಲ್ಲ.

ಯಂತ್ರ ಮತ್ತೆ ಶುರುವಾಯಿತು.

ಕೊಳವೆ ಬೇಕಾದಷ್ಟು ಉದ್ದವಿತ್ತು, ಬೇಲಿ ದಾಟಿ ಇನ್ನೂ ಹತ್ತಡಿ ಮಿಗುತ್ತಿತ್ತು. ಗೇಟಿಗೆ ಬೀಗವಿರಲಿಲ್ಲ. ಆ ಕಡೆಯ ಮಣಿಯೂ ಅದೇ ಶೆಡ್ಡಿನದು, ಕರ್ಟಿಸ್ ಅದೇ ಸಲಿಕೆಯಲ್ಲಿ ತುಂಬಿದ್ದು. ಈ ಕಡೆ ಉಳಿದಿದ್ದದ್ದು ಮಣ್ಣು, ಮಣ್ಣಿನ ಕೆಳಗೆ ಆಲ್ಸೀಡ್. ತುಂಬಬೇಕಾದದ್ದು ಒಂದು ಬಕೆಟ್.

ಇಷ್ಟು ಹೊತ್ತು ನಾನೇ ಮಾತಾಡಿದೆ. ಈಗ ನೀವು ಹೇಳಿ, ನೋಡೋಣ. ಕೊಳವೆ ಯಾವ ಕಡೆಗೆ ತಿರುಗಿತು?